ಈರುಳ್ಳಿ ಬೇರಿನ ತುದಿಯ 2 ಮಿಲಿಮೀಟರ್: ಮೈಟೋಸಿಸ್ ಕಾಣುವ ಸ್ಲೈಡ್ ಮಾಡುವ ಸಮಗ್ರ ಮಾರ್ಗದರ್ಶಿ

ಮೈಟೋಸಿಸ್, ಅಂದರೆ ಒಂದು ಕೋಶ ಎರಡಾಗುವ ವಿಭಜನೆ, ತೋರಬೇಕಾದ ಸ್ಲೈಡ್ ಕೆಟ್ಟರೆ ಹೇಗಿರುತ್ತದೆ ಎಂದು ಪಿಯುಸಿ ಲ್ಯಾಬಿನಲ್ಲಿ ಕೂತವರಿಗೆಲ್ಲ ಗೊತ್ತು. ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಶಗಳು, ಒಂದೊಂದರಲ್ಲೂ ಒಂದು ದುಂಡು ಚುಕ್ಕೆ, ಎಷ್ಟು ಹುಡುಕಿದರೂ ವರ್ಣತಂತು (ಕ್ರೋಮೋಸೋಮ್) ಮಾತ್ರ ಇಲ್ಲ. ಆಗ ಬೈಗುಳ ಬೀಳುವುದು ಬಣ್ಣಕ್ಕೆ ಅಥವಾ ಸೂಕ್ಷ್ಮದರ್ಶಕಕ್ಕೆ. ಹೆಚ್ಚಿನ ಸಲ ತಪ್ಪು ಅವೆರಡರದ್ದೂ ಅಲ್ಲ. ಬೇರನ್ನು ಕತ್ತರಿಸಿದ ಜಾಗವೇ ತಪ್ಪು. ಈರುಳ್ಳಿ ಬೇರಿನಲ್ಲಿ ಕೋಶಗಳು ವಿಭಜನೆಯಾಗುವುದು ತುದಿಯ ಸುಮಾರು 2 ಮಿ.ಮೀ. ಒಳಗೆ. ಅಲ್ಲಿಂದ ಮೇಲೆ ಕೋಶಗಳು ಒಡೆಯುವುದನ್ನು ಬಿಟ್ಟು ಉದ್ದವಾಗತೊಡಗುತ್ತವೆ. ಒಂದು ಸೆಂಟಿಮೀಟರ್ ಬೇರು ತೆಗೆದುಕೊಂಡು ಅದರ ನಡುಭಾಗವನ್ನು ಅರೆದರೆ ವರ್ಣತಂತುಗಳು ಕೋಶದ ನಡುವೆ ಸಾಲುಗಟ್ಟುವ ಮೆಟಾಫೇಸ್ ಹಂತವನ್ನು ಜಗತ್ತಿನ ಯಾವ ಸೂಕ್ಷ್ಮದರ್ಶಕವೂ ತೋರಿಸಲಾರದು.

ಹಾಗಾಗಿ ಈ ಮಾರ್ಗದರ್ಶಿ ಬೇರು ಬರಿಸುವುದರಿಂದಲೇ ಶುರುವಾಗುತ್ತದೆ. ಅರ್ಧ ಕೆಲಸ ಗೆಲ್ಲುವುದು ಅಲ್ಲೇ.

ಈರುಳ್ಳಿ ಆರಿಸುವುದು, ಬೇರು ಬರಿಸುವುದು

ಈ ಪ್ರಯೋಗಕ್ಕೆ ಈರುಳ್ಳಿಯೇ ಏಕೆ? ಅದರ ವರ್ಣತಂತುಗಳು ಕಡಿಮೆ, ಮತ್ತು ದೊಡ್ಡವು. ಒಂದು ಕೋಶದಲ್ಲಿ 16, ಅಂದರೆ 8 ಜೋಡಿ. ಬೆಳ್ಳುಳ್ಳಿಯಲ್ಲೂ 16 ಇವೆ, ಈರುಳ್ಳಿ ಸಿಗದಿದ್ದರೆ ಅದರ ಎಸಳನ್ನೇ ನೀರಿಗೆ ತಾಗಿಸಿ ಇಡಬಹುದು. ನಮ್ಮ ರಾಗಿಯಲ್ಲಿ 36 ಇವೆ, ಆದರೆ ಬಲು ಸಣ್ಣವು. ಮೊದಲ ಸಲ ಮಾಡುವವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಬೆಳೆಯುವ, ಭೌಗೋಳಿಕ ಗುರುತು ಪಡೆದ ಬೆಂಗಳೂರು ಗುಲಾಬಿ ಈರುಳ್ಳಿ ಈ ಕೆಲಸಕ್ಕೆ ಅನುಕೂಲ. ಗಾತ್ರ ಚಿಕ್ಕದಾದ್ದರಿಂದ ಸಣ್ಣ ಬಾಟಲಿಯ ಬಾಯಿಯ ಮೇಲೆ ಕಡ್ಡಿಯ ಆಸರೆಯಿಲ್ಲದೆ ಕೂರುತ್ತದೆ. ಸಿಗದಿದ್ದರೆ ಚಿಂತೆಯಿಲ್ಲ, ಅಂಗಡಿಯ ಯಾವ ಈರುಳ್ಳಿಯಾದರೂ ಆದೀತು. ನೋಡಬೇಕಾದದ್ದು ತಳಿಯನ್ನಲ್ಲ, ವಯಸ್ಸನ್ನು. ಹೊಲದಿಂದ ಈಗಷ್ಟೇ ಬಂದ ಹೊಸ ಗಡ್ಡೆ ಸುಪ್ತಾವಸ್ಥೆಯಲ್ಲಿರುತ್ತದೆ, ವಾರವಾದರೂ ಬೇರು ಬಿಡದೆ ಸತಾಯಿಸುತ್ತದೆ. ಬುಟ್ಟಿಯಲ್ಲಿ ಹಳೆಯದಾಗಿ, ನೆತ್ತಿಯಲ್ಲಿ ಹಸಿರು ಮೊಳಕೆ ಇಣುಕುತ್ತಿರುವ ಗಟ್ಟಿ ಗಡ್ಡೆ ಎರಡೇ ದಿನದಲ್ಲಿ ಬಿಳಿ ಚುಕ್ಕೆ ತೋರಿಸುತ್ತದೆ. ಅಡುಗೆಗೆ ಬೇಡವೆಂದು ಪಕ್ಕಕ್ಕಿಟ್ಟದ್ದೇ ಇಲ್ಲಿ ಬೇಕಾದದ್ದು. ಮೊಳಕೆ ಬರದಿರಲೆಂದು ಗಾಮಾ ಕಿರಣ ಹಾಯಿಸಿದ ಅಥವಾ ಮಲೇಯಿಕ್ ಹೈಡ್ರಜೈಡ್ ಸಿಂಪಡಿಸಿದ ದಾಸ್ತಾನು ಕೈಗೆ ಬಂದಿದ್ದರೆ ಬೇರು ಸರಿಯಾಗಿ ಬಾರದು. ಈ ಎರಡೂ ಉಪಾಯಗಳು ತಡೆಯುವುದು ಕೋಶ ವಿಭಜನೆಯನ್ನೇ. ಒಂದೇ ಅಂಗಡಿಯ ಒಂದೇ ಗಡ್ಡೆಯನ್ನು ನಂಬದೆ, ಎರಡು ಕಡೆಯಿಂದ ತಂದ ನಾಲ್ಕೈದು ಗಡ್ಡೆಗಳನ್ನು ಒಟ್ಟಿಗೆ ಇಡಿ.

ಒಣಗಿದ ಹಳೆ ಬೇರುಗಳನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಬುಡದ ಬಿಲ್ಲೆಯ ಅಂಚಿನಲ್ಲಿ ಉಂಗುರದಂತೆ ಹೊಸ ಬೇರಿನ ಮೊಗ್ಗುಗಳಿರುತ್ತವೆ, ಅವಕ್ಕೆ ಗಾಯವಾಗದಂತೆ ನೋಡಿಕೊಳ್ಳಿ. ಲೋಟದ ನೀರಿಗೆ ಬುಡ ಮಾತ್ರ ತಾಗಬೇಕು. ಗಡ್ಡೆ ಮುಳುಗಿದರೆ ಕೊಳೆಯುತ್ತದೆ, ಲೋಳೆ ಕಟ್ಟುತ್ತದೆ, ಬೇರಿಗೆ ಉಸಿರುಕಟ್ಟುತ್ತದೆ. ನಲ್ಲಿಗೆ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ರಾತ್ರಿ ಬಾಯಗಲದ ಪಾತ್ರೆಯಲ್ಲಿ ತೆರೆದಿಟ್ಟು ಬಳಸಿ. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಕುಡಿಯುವ ಫಿಲ್ಟರ್ ನೀರೇ ಮೇಲು. ದಿನಕ್ಕೊಮ್ಮೆ ನೀರು ಬದಲಿಸಿ. 25 ಡಿಗ್ರಿಯ ಆಸುಪಾಸಿನಲ್ಲಿ 3–4 ದಿನಕ್ಕೆ 2 ಸೆಂ.ಮೀ. ಬೇರು ಬರುತ್ತದೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ಇನ್ನೆರಡು ದಿನ ಹೆಚ್ಚು ಹಿಡಿದೀತು. ಬೇರು 1.5ರಿಂದ 3 ಸೆಂ.ಮೀ. ಇರುವಾಗಲೇ ಕತ್ತರಿಸಿ. ಉದ್ದಕ್ಕೆ ಬೆಳೆದು ಕಂದು ಬಣ್ಣಕ್ಕೆ ತಿರುಗಿದ ಬೇರಿನ ತುದಿಯಲ್ಲಿ ವಿಭಜನೆ ಇಳಿಮುಖವಾಗಿರುತ್ತದೆ.

ಕತ್ತರಿಸಿ ಸ್ಥಿರಗೊಳಿಸುವುದು

ಬೆಳಿಗ್ಗೆ 8ರಿಂದ 10ರೊಳಗೆ ಕತ್ತರಿಸಿ ಎಂಬುದು ಲ್ಯಾಬುಗಳ ರೂಢಿ. ಪಾಲಿಸಿ, ಆದರೆ ಅದನ್ನೇ ಮಂತ್ರ ಎಂದುಕೊಳ್ಳಬೇಡಿ. ನೀರಿನ ಶುದ್ಧಿ, ತಾಪಮಾನ, ಬೇರಿನ ವಯಸ್ಸು ಕೂಡ ಅಷ್ಟೇ ಮುಖ್ಯ. ಸಮಯವಿದ್ದರೆ 8, 10, 12 ಗಂಟೆಗೆ ಒಂದೊಂದು ಗೊಂಚಲು ಕತ್ತರಿಸಿ ಬೇರೆ ಬೇರೆ ಸೀಸೆಯಲ್ಲಿಟ್ಟು ಹೋಲಿಸಿ ನೋಡಿ. ನಿಮ್ಮ ಈರುಳ್ಳಿಗೆ, ನಿಮ್ಮ ಕೋಣೆಗೆ ಯಾವ ಹೊತ್ತು ಒಗ್ಗುತ್ತದೆ ಎಂಬುದು ಆಗ ತಿಳಿಯುತ್ತದೆ.

ತುದಿಯಿಂದ 5ರಿಂದ 10 ಮಿ.ಮೀ. ಕತ್ತರಿಸಿ, ಒಂದು ಪಾಲು ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ ಮತ್ತು ಮೂರು ಪಾಲು ಎಥನಾಲ್ ಬೆರೆಸಿದ ದ್ರಾವಣಕ್ಕೆ ಕೂಡಲೇ ಹಾಕಿ. ಹತ್ತು ತುದಿಗಳಿಗೆ 3 ಮಿ.ಲೀ. ಆಮ್ಲ, 9 ಮಿ.ಲೀ. ಎಥನಾಲ್ ಸಾಕು. ಈ ದ್ರಾವಣವನ್ನು ಆಯಾ ದಿನವೇ ಬೆರೆಸಿಕೊಳ್ಳಬೇಕು. ಇಟ್ಟಷ್ಟೂ ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಈಥೈಲ್ ಅಸಿಟೇಟ್ ಆಗುತ್ತಾ ಅದರ ಕಸುವು ಕುಂದುತ್ತದೆ. ಇದರ ಕೆಲಸ ಕೋಶವನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುವುದು. ಮೆಟಾಫೇಸಿನಲ್ಲಿದ್ದದ್ದು ಮೆಟಾಫೇಸಿನಲ್ಲೇ ನಿಂತುಬಿಡುತ್ತದೆ. ಕತ್ತರಿಸಿದ ಬೇರನ್ನು ಬರೀ ನೀರಿನಲ್ಲಿಟ್ಟು ಚಹಾ ಕುಡಿದು ಬಂದರೆ ಈ ಹಂತದ ಅರ್ಥವೇ ಹೋಯಿತು.

ಬೆಂಗಳೂರಿನವರಿಗೆ ಇಲ್ಲೊಂದು ವಿಷಯ. ಗ್ಲೇಶಿಯಲ್ ಅಸಿಟಿಕ್ ಆಮ್ಲ 16.6 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಜನವರಿಯ ಬೆಳಿಗ್ಗೆ ಕಪಾಟು ತೆಗೆದರೆ ಬಾಟಲಿಯೊಳಗೆ ಮಂಜುಗಡ್ಡೆಯಂಥದ್ದು ಕಂಡೀತು. ಕೆಟ್ಟಿದೆಯೆಂದು ಚೆಲ್ಲಬೇಡಿ. ಮುಚ್ಚಳ ಸ್ವಲ್ಪ ಸಡಿಲಿಸಿ, ಉಗುರುಬೆಚ್ಚನೆ ನೀರಿನ ಬೋಗುಣಿಯಲ್ಲಿ ನಿಲ್ಲಿಸಿ, ಪೂರ್ತಿ ಕರಗಿದ ಮೇಲೆ ಅಳೆಯಿರಿ. ಬೆಂಕಿಯ ಮೇಲೆ ಇಡಲೇಬಾರದು. ಅದರ ಆವಿ ಹೊತ್ತಿಕೊಳ್ಳುತ್ತದೆ, ಕಣ್ಣು ಗಂಟಲು ಸುಡುತ್ತದೆ.

24 ಗಂಟೆ ಬಿಟ್ಟು ಶೇ. 70ರ ಎಥನಾಲಿಗೆ ವರ್ಗಾಯಿಸಿ ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಎಥನಾಲ್ ಸಿಗದ ಶಾಲೆಗಳಲ್ಲಿ ಈ ಹಂತವನ್ನೇ ಬಿಟ್ಟು, ಆಗತಾನೆ ಕತ್ತರಿಸಿದ ತುದಿಯನ್ನು ನೇರವಾಗಿ ಮುಂದಿನ ಆಮ್ಲಕ್ಕೆ ಹಾಕಬಹುದು. ವರ್ಣತಂತುಗಳ ಅಂಚು ಅಷ್ಟು ಚೂಪಾಗಿ ಕಾಣದು, ಆದರೂ ಹಂತಗಳನ್ನು ಗುರುತಿಸಲು ಅಡ್ಡಿಯಿಲ್ಲ.

ಮೆತ್ತಗಾಗಿಸುವುದು: 60 ಡಿಗ್ರಿಯ ಲೆಕ್ಕ

ಸಸ್ಯಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಇದನ್ನು ಕರಗಿಸದಿದ್ದರೆ ಎಷ್ಟು ಒತ್ತಿದರೂ ಕೋಶಗಳು ಕಟ್ಟುಕಟ್ಟಾಗಿಯೇ ಉಳಿಯುತ್ತವೆ. ಕರಗಿಸುವುದಕ್ಕೆ ಬೇಕಾದದ್ದು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ. ಲ್ಯಾಬಿನ ಸಾಂದ್ರ ಆಮ್ಲ ಸುಮಾರು 12 ನಾರ್ಮಲ್ ಇರುತ್ತದೆ, ಆದ್ದರಿಂದ 92 ಮಿ.ಲೀ. ನೀರಿಗೆ 8 ಮಿ.ಲೀ.ನಷ್ಟು ಆಮ್ಲ. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು. ಬಚ್ಚಲು ತೊಳೆಯುವ ಆಸಿಡ್ ಇದಕ್ಕೆ ಆಗದು; ಅದರ ಸಾಂದ್ರತೆ ಎಷ್ಟೆಂದು ತಿಳಿಯದು, ಕಲ್ಮಶವೂ ಇರುತ್ತದೆ.

ಸ್ಥಿರಗೊಳಿಸಿದ ತುದಿಗಳನ್ನು ಎರಡು ಸಲ ನೀರಿನಲ್ಲಿ ತೊಳೆದು, ಪ್ರನಾಳದಲ್ಲಿ ಮೊದಲೇ ಬಿಸಿ ಮಾಡಿಟ್ಟ ಆಮ್ಲಕ್ಕೆ ಹಾಕಿ. 60 ಡಿಗ್ರಿಯಲ್ಲಿ 8ರಿಂದ 10 ನಿಮಿಷ. ಹಸಿ ತುದಿಗೆ 4–5 ನಿಮಿಷ ಸಾಕು. ವಾಟರ್ ಬಾತ್ ಇಲ್ಲದಿದ್ದರೆ ಒಂದು ಉಪಾಯವಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 100ಕ್ಕಲ್ಲ, 97 ಡಿಗ್ರಿಯ ಹತ್ತಿರ ಕುದಿಯುತ್ತದೆ. ಒಂದು ಲೋಟ ಕುದಿವ ನೀರಿಗೆ 25 ಡಿಗ್ರಿಯ ಒಂದು ಲೋಟ ನೀರು ಬೆರೆಸಿದರೆ ಲೆಕ್ಕದ ಪ್ರಕಾರ 61. ಬಾಯಗಲದ ಫ್ಲಾಸ್ಕನ್ನು ಮೊದಲು ಬಿಸಿನೀರಿನಲ್ಲಿ ಗಲಬರಿಸಿ, ಈ ಬೆರಕೆಯನ್ನು ತುಂಬಿ, ಥರ್ಮಾಮೀಟರ್ ಇಟ್ಟು ನೋಡಿ, ಪ್ರನಾಳವನ್ನು ಅದರಲ್ಲಿ ಇಳಿಬಿಡಿ. ಹತ್ತು ನಿಮಿಷದ ಕೆಲಸಕ್ಕೆ ಆ ಶಾಖ ಸಾಕು.

ಸಮಯ ಮೀರಬಾರದು. ಹೆಚ್ಚು ಹೊತ್ತಾದರೆ ತುದಿ ಚಿಮಟದಲ್ಲಿ ಹಿಡಿಯಲೂ ಬಾರದಷ್ಟು ಅಳ್ಳಕವಾಗುತ್ತದೆ, ಡಿಎನ್‌ಎ ಕೂಡ ಕರಗಿಹೋಗುತ್ತಾ ವರ್ಣತಂತುಗಳು ಬಣ್ಣ ಹಿಡಿಯುವುದಿಲ್ಲ. ಕಡಿಮೆಯಾದರೆ ಕೋಶಗಳು ಬಿಡಿಸಿಕೊಳ್ಳುವುದಿಲ್ಲ. ಆಮ್ಲದಿಂದ ತೆಗೆದ ಮೇಲೆ ಎರಡು ಮೂರು ಸಲ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಬಣ್ಣ

ಅಸಿಟೋಕಾರ್ಮೈನ್ ತಯಾರಾಗಿಯೇ ಸಿಗುತ್ತದೆ. ಮಾಡಿಕೊಳ್ಳುವುದಾದರೆ 45 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ, 55 ಮಿ.ಲೀ. ಭಟ್ಟಿ ಇಳಿಸಿದ ನೀರು, 1 ಗ್ರಾಂ ಕಾರ್ಮೈನ್. ಆವಿ ಎಳೆಯುವ ಕಪಾಟಿನೊಳಗೆ ಅರ್ಧ ಗಂಟೆ ಸಣ್ಣಗೆ ಕುದಿಸಿ, ಆರಿಸಿ, ಸೋಸಿ, ಕಂದು ಬಾಟಲಿಯಲ್ಲಿಡಿ. ಮನೆಯ ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಕಾರ್ಮೈನ್ ಬರುವುದು ಪಾಪಸ್ಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟದಿಂದ. ಒಬ್ಬಂಟಿಯಾಗಿ ಅದು ಅಷ್ಟೇನೂ ಗಾಢವಲ್ಲ, ಕಬ್ಬಿಣ ಸೋಕಿದರೆ ವರ್ಣತಂತುವಿಗೆ ಗಟ್ಟಿಯಾಗಿ ಅಂಟುತ್ತದೆ. ಹಳೆಯ ಪ್ರಯೋಗಶಾಲೆಗಳಲ್ಲಿ ತುಕ್ಕು ಹಿಡಿದ ಸೂಜಿಯಿಂದಲೇ ಬೇರನ್ನು ಕೆದಕುತ್ತಿದ್ದದ್ದು ಇದೇ ಕಾರಣಕ್ಕೆ. ಬಣ್ಣ ಕೆಂಪಿನಿಂದ ತುಸು ನೇರಳೆಗೆ ತಿರುಗಿದರೆ ನಿಲ್ಲಿಸಿ. ಅತಿಯಾದರೆ ಬಣ್ಣ ಒಡೆದು ಕಪ್ಪು ಹರಳಿನಂತೆ ಇಡೀ ಸ್ಲೈಡಿನ ಮೇಲೆ ಕೂರುತ್ತದೆ.

ವಾಚ್‌ಗ್ಲಾಸಿನಲ್ಲಿ ತುದಿಗಳು ಮುಳುಗುವಷ್ಟು ಬಣ್ಣ ಹಾಕಿ, ಮೇಲೊಂದು ಗಾಜು ಮುಚ್ಚಿ, 20ರಿಂದ 30 ನಿಮಿಷ ಬಿಡಿ. ಮಧ್ಯೆ ಎರಡು ಮೂರು ಸಲ ಸ್ಪಿರಿಟ್ ಲ್ಯಾಂಪಿನ ಜ್ವಾಲೆಯ ಮೇಲಿಂದ ಹಾಯಿಸಿ. ಅಂಗೈ ಹಿಂಭಾಗಕ್ಕೆ ತಾಗಿಸಿದರೆ ತಡೆದುಕೊಳ್ಳುವಷ್ಟು ಬಿಸಿ ಇರಬೇಕು, ಕುದಿ ಬರಬಾರದು. ಆಮೇಲೆ ನೋಡಿದರೆ ಬೇರಿನ ತುತ್ತತುದಿಯ ಹಿಂದೆ ಒಂದು ತುಣುಕು ಉಳಿದ ಭಾಗಕ್ಕಿಂತ ಕಡುಗೆಂಪಾಗಿರುತ್ತದೆ. ಅದೇ ನಮಗೆ ಬೇಕಾದ 2 ಮಿ.ಮೀ. ಅಲ್ಲಿ ಕೋಶಗಳು ಚಿಕ್ಕವು, ಒತ್ತೊತ್ತಾಗಿವೆ, ಪ್ರತಿಯೊಂದನ್ನೂ ಕೋಶಕೇಂದ್ರವೇ ಹೆಚ್ಚುಕಡಿಮೆ ತುಂಬಿದೆ. ಅದಕ್ಕೇ ಬಣ್ಣ ಅಲ್ಲಿ ದಟ್ಟ.

ಒತ್ತುವುದು

ಸ್ಲೈಡಿನ ನಡುವೆ ಶೇ. 45ರ ಅಸಿಟಿಕ್ ಆಮ್ಲದ ಒಂದು ಹನಿ. ಅದರಲ್ಲಿ ಒಂದೇ ಒಂದು ತುದಿ. ಕಡುಗೆಂಪು ಭಾಗವನ್ನು ಉಳಿಸಿ ಮಿಕ್ಕದ್ದನ್ನು ಬ್ಲೇಡಿನಿಂದ ಕತ್ತರಿಸಿ ಸ್ಲೈಡಿನಿಂದಲೇ ಆಚೆ ಹಾಕಿ. ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮಸುಕು ಭಾಗ ಉಳಿದರೆ ಅದರ ದೊಡ್ಡ ಕೋಶಗಳೇ ಗಾಜಿನ ತುಂಬ ಹರಡಿ, ಬೇಕಾದ ಕೋಶಗಳನ್ನು ಅಡಗಿಸುತ್ತವೆ, ಕವರ್‌ಸ್ಲಿಪ್ಪನ್ನೂ ಎತ್ತಿ ಹಿಡಿಯುತ್ತವೆ.

ಸೂಜಿಯಿಂದ ತುದಿಯನ್ನು ನಾಲ್ಕೈದು ಸಲ ಚುಚ್ಚಿ ಬಿಡಿಸಿ. ಕವರ್‌ಸ್ಲಿಪ್ಪಿನ ಒಂದಂಚನ್ನು ಹನಿಗೆ ತಾಗಿಸಿ ಓರೆಯಾಗಿ ಇಳಿಸಿದರೆ ಗುಳ್ಳೆ ಏಳುವುದಿಲ್ಲ. ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ಹದಿನೈದಿಪ್ಪತ್ತು ಸಲ ತಟ್ಟಿ. ಕೆಂಪು ಚೂರು ಮೋಡದ ಹಾಗೆ ಹರಡುವುದು ಕಾಣುತ್ತದೆ. ಆಮೇಲೆ ಸ್ಲೈಡನ್ನು ಮಡಿಚಿದ ಬ್ಲಾಟಿಂಗ್ ಕಾಗದದೊಳಗಿಟ್ಟು, ಮೇಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿ. ಹೋಳಿಗೆ ತಟ್ಟುವಾಗ ಬೆರಳು ಸರಿಸುತ್ತೇವಲ್ಲ, ಹಾಗೆ ಮಾಡಬಾರದು. ಅರಗಿನ ಮೇಲೆ ಮುದ್ರೆ ಒತ್ತುವಂತೆ ನೇರ ಕೆಳಕ್ಕೆ, ಒಂದೇ ಸಲ. ಕವರ್‌ಸ್ಲಿಪ್ ಅಡ್ಡಕ್ಕೆ ಜಾರಿತೋ, ಕೋಶಗಳು ಬತ್ತಿಯಂತೆ ಹೊಸೆದುಕೊಂಡು ವರ್ಣತಂತುಗಳು ಹರಿದುಹೋಗುತ್ತವೆ. ಆ ಸ್ಲೈಡನ್ನು ಸರಿಪಡಿಸಲು ಹೋಗದೆ ಇನ್ನೊಂದು ತುದಿ ತೆಗೆದುಕೊಳ್ಳಿ.

ಕೋಶಗಳನ್ನು ಓದುವುದು

ಮೊದಲು 10 ಪಟ್ಟಿನ ವಸ್ತುಮಸೂರದಲ್ಲಿ ಇಡೀ ಸ್ಲೈಡನ್ನು ಸುತ್ತಿ ಬನ್ನಿ. ಚೌಕಾಕಾರದ ಸಣ್ಣ ಕೋಶಗಳ ಗುಂಪು ಸಿಕ್ಕಲ್ಲಿ ನಿಂತು 40ಕ್ಕೆ ಬದಲಿಸಿ. 10 ಪಟ್ಟಿನ ಕಣ್ಣುಮಸೂರದೊಂದಿಗೆ ಒಟ್ಟು 400 ಪಟ್ಟು. ಬೆಳಕನ್ನು ಹೊಂದಿಸುವ ಐರಿಸನ್ನು ಸ್ವಲ್ಪ ಕಿರಿದು ಮಾಡಿ. ದೀಪದ ಮೇಲೆ ಹಸಿರು ಫಿಲ್ಟರ್ ಅಥವಾ ಹಸಿರು ಸೆಲ್ಲೋಫೇನ್ ಕಾಗದ ಇಟ್ಟರೆ ಕೆಂಪು ವರ್ಣತಂತುಗಳು ಕಪ್ಪಗೆ ಎದ್ದು ಕಾಣುತ್ತವೆ.

ಇಲ್ಲಿ ಒಂದು ಎಚ್ಚರ. ಪಠ್ಯಪುಸ್ತಕದ ಚಿತ್ರಗಳು ನಾಲ್ಕೈದು, ಆದರೆ ಕೋಶ ಆ ನಾಲ್ಕೈದು ಭಂಗಿಗಳಲ್ಲಿ ನಿಂತು ನಿಂತು ಸಾಗುವುದಿಲ್ಲ. ವಿಭಜನೆ ಒಂದೇ ಓಟ. ಹಂತಗಳ ಹೆಸರು ನಮ್ಮ ಅನುಕೂಲಕ್ಕೆ ನಾವು ಇಟ್ಟುಕೊಂಡದ್ದು. ಎರಡು ಹಂತಗಳ ನಡುವಿನ ಕೋಶ ಕಂಡಾಗ ಅದು ಸ್ಲೈಡಿನ ದೋಷವಲ್ಲ, ಕೋಶದ ನಿಜ.

ಹೆಚ್ಚಿನ ಕೋಶಗಳು ಇಂಟರ್‌ಫೇಸಿನಲ್ಲಿರುತ್ತವೆ. ಕೋಶಕೇಂದ್ರ ದುಂಡಗೆ, ರವೆರವೆಯಾಗಿ ಕಾಣುತ್ತದೆ. ಒಳಗೆ ಬಣ್ಣ ಹಿಡಿಯದ ಒಂದೆರಡು ತಿಳಿ ಚುಕ್ಕೆಗಳು, ಅವೇ ಕಿರುಕೋಶಕೇಂದ್ರಗಳು. ವಿಶ್ರಾಂತಿಯ ಹಂತ ಎಂದು ಹಿಂದೆ ಇದನ್ನು ಕರೆಯುತ್ತಿದ್ದರು. ವಿಶ್ರಾಂತಿ ಏನೂ ಇಲ್ಲ. ಜಿ1ರಲ್ಲಿ ಕೋಶ ಬೆಳೆಯುತ್ತದೆ, ಎಸ್ ಹಂತದಲ್ಲಿ ಡಿಎನ್‌ಎ ಇಮ್ಮಡಿಯಾಗುತ್ತದೆ, ಜಿ2ರಲ್ಲಿ ವಿಭಜನೆಯ ಸಿದ್ಧತೆ ನಡೆಯುತ್ತದೆ. ಆದರೆ ನಮ್ಮ ಬಣ್ಣಕ್ಕೆ ಈ ಮೂರೂ ಒಂದೇ ತರಹ ಕಾಣುತ್ತವೆ, ಸ್ಲೈಡ್ ನೋಡಿ ಇದು ಜಿ1, ಇದು ಜಿ2 ಎಂದು ಬರೆಯಬೇಡಿ.

ರವೆಯಂತಿದ್ದದ್ದು ಎಳೆಯಾಗಿ ಕಾಣತೊಡಗಿದರೆ ಅದು ಪ್ರೊಫೇಸ್. ಒತ್ತುಶಾವಿಗೆಯ ಸುರುಳಿಯ ಹಾಗಿರುತ್ತದೆ. 1882ರಲ್ಲಿ ಜರ್ಮನ್ ವಿಜ್ಞಾನಿ ವಾಲ್ಟರ್ ಫ್ಲೆಮ್ಮಿಂಗ್ ಸಲಮಾಂಡರ್ ಮರಿಗಳ ಕೋಶಗಳಲ್ಲಿ ನೋಡಿ, ಗ್ರೀಕಿನಲ್ಲಿ ಎಳೆ ಎಂಬರ್ಥದ ಮಾತಿನಿಂದ ಮೈಟೋಸಿಸ್ ಎಂಬ ಹೆಸರು ಕಟ್ಟಿದ್ದು ಈ ಎಳೆಗಳಿಂದಲೇ. ಎಳೆಗಳು ಬರಬರುತ್ತಾ ಗಿಡ್ಡವಾಗಿ ದಪ್ಪವಾಗುತ್ತವೆ, ಕಿರುಕೋಶಕೇಂದ್ರ ಮಾಯವಾಗುತ್ತದೆ, ಕೊನೆಗೆ ಕೇಂದ್ರದ ಪೊರೆ ಒಡೆಯುತ್ತದೆ. ವಿಭಜನೆಯ ಹಂತಗಳಲ್ಲಿ ಹೆಚ್ಚು ಸಿಗುವುದು ಪ್ರೊಫೇಸೇ, ಏಕೆಂದರೆ ಅದಕ್ಕೆ ಹಿಡಿಯುವ ಕಾಲವೇ ಹೆಚ್ಚು.

ಮೆಟಾಫೇಸನ್ನು ಎರಡು ಕೋನಗಳಿಂದ ಗುರುತಿಸಲು ಕಲಿಯಬೇಕು. ಪಕ್ಕದಿಂದ ಕಂಡರೆ ಕೋಶದ ನಡುವೆ ಅಡ್ಡಲಾಗಿ ಒಂದು ದಪ್ಪ ಪಟ್ಟಿ, ಅದರಿಂದ ಅತ್ತಿತ್ತ ಚಾಚಿದ ತೋಳುಗಳು. ಪುಸ್ತಕದಲ್ಲಿ ಪಟ್ಟಿ ಗೆರೆ ಎಳೆದಂತೆ ನೇರವಾಗಿರುತ್ತದೆ, ಈರುಳ್ಳಿಯಲ್ಲಿ ಹಾಗಿರದು. ಸಾಲಾಗಿ ನಿಲ್ಲುವುದು ಸೆಂಟ್ರೊಮಿಯರುಗಳು, ಅಂದರೆ ವರ್ಣತಂತುವಿನ ಜೋಡಿ ಎಳೆಗಳು ಕೂಡಿಕೊಂಡ ಬಿಂದುಗಳು ಮಾತ್ರ, ಉದ್ದನೆಯ ತೋಳುಗಳು ಎಲ್ಲೆಂದರಲ್ಲಿ ನೇತಾಡುತ್ತಿರುತ್ತವೆ. ಧ್ರುವದ, ಅಂದರೆ ಕೋಶದ ತುದಿಯ ಕಡೆಯಿಂದ ಕಂಡರೆ ಅದೇ ಮೆಟಾಫೇಸ್ ಸೇವಂತಿಗೆ ಹೂ ಅರಳಿದಂತೆ ದುಂಡಗೆ ಹರಡಿರುತ್ತದೆ, ಬಹಳ ಜನ ಇದನ್ನೇ ಪ್ರೊಫೇಸ್ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಎಳೆಗಳು ದಪ್ಪಗೆ ಬಿಡಿಬಿಡಿಯಾಗಿವೆಯೇ, ಕೇಂದ್ರದ ದುಂಡು ಗಡಿ ಹೋಗಿದೆಯೇ ಎಂದು ನೋಡಿ. ಎರಡಕ್ಕೂ ಹೌದಾದರೆ ಅದು ಪ್ರೊಫೇಸನ್ನು ದಾಟಿದೆ.

ಈ ಹಂತದಲ್ಲಿ ಕೋಶ ಸುಮ್ಮನೆ ನಿಂತಿರುವುದಿಲ್ಲ, ಕಾಯುತ್ತಿರುತ್ತದೆ. ಒಂದೇ ಒಂದು ವರ್ಣತಂತು, ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಕದಿರಿನ (ಸ್ಪಿಂಡಲ್) ಎಳೆಗಳಿಗೆ ಸರಿಯಾಗಿ ಸಿಕ್ಕಿಕೊಳ್ಳದಿದ್ದರೂ ಮುಂದಿನ ಹೆಜ್ಜೆಗೆ ತಡೆ ಬೀಳುತ್ತದೆ. ಎಲ್ಲವೂ ಸಿಕ್ಕಿಕೊಂಡ ಮೇಲೆ ಸೆಪರೇಸ್ ಎಂಬ ಕಿಣ್ವ, ಒಂದೇ ವರ್ಣತಂತುವಿನ ಎರಡು ಪ್ರತಿಗಳಾದ ಜೋಡಿ ಕ್ರೊಮ್ಯಾಟಿಡ್‌ಗಳನ್ನು ಕಟ್ಟಿಹಿಡಿದ ಕೊಹೀಸಿನ್ ಎಂಬ ಪ್ರೋಟೀನಿನ ಬಂಧವನ್ನು ಕತ್ತರಿಸುತ್ತದೆ. ಎಲ್ಲ ಜೋಡಿಗಳೂ ಬಹುತೇಕ ಒಟ್ಟಿಗೇ ಬೇರ್ಪಡುತ್ತವೆ. ಅದು ಅನಾಫೇಸ್. ಸೆಂಟ್ರೊಮಿಯರ್ ಮುಂದೆ, ತೋಳುಗಳು ಹಿಂದೆ ಎಳೆದುಕೊಂಡು ಹೋಗುವುದರಿಂದ ಇಂಗ್ಲಿಷಿನ ‘ವಿ’ ಮತ್ತು ‘ಜೆ’ ಅಕ್ಷರಗಳ ಆಕಾರ ಕಾಣುತ್ತದೆ. ಎರಡು ಗುಂಪುಗಳ ತುದಿಗಳು ಒಂದನ್ನೊಂದು ನೋಡುತ್ತಿರುತ್ತವೆ. ಕ್ಷಿಪ್ರವಾಗಿ ಮುಗಿದುಹೋಗುವ ಹಂತ ಇದು, ಹಾಗಾಗಿ ಒಂದು ಒಳ್ಳೆಯ ಅನಾಫೇಸಿಗೆ ಇಡೀ ಸ್ಲೈಡ್ ಹುಡುಕಬೇಕಾದೀತು.

ಟೀಲೋಫೇಸಿನಲ್ಲಿ ಎರಡೂ ತುದಿಗಳಲ್ಲಿ ಮುದ್ದೆಗಳು, ನಡುವೆ ತೆಳುವಾದ ಗೆರೆ ಮೂಡುತ್ತಿರುತ್ತದೆ. ಅದು ಹೊಸ ಗೋಡೆಯ ಮೊದಲ ರೂಪ, ಕೋಶಫಲಕ. ಸಸ್ಯದಲ್ಲಿ ಇದು ನಡುವಿನಿಂದ ಹೊರಕ್ಕೆ ಬೆಳೆದು ಹಳೆಯ ಗೋಡೆಯನ್ನು ಮುಟ್ಟುತ್ತದೆ. ಪ್ರಾಣಿಕೋಶ ಇದಕ್ಕೆ ವಿರುದ್ಧ, ಹೊರಗಿನಿಂದ ಒಳಕ್ಕೆ ಸೊಂಟ ಬಿಗಿದಂತೆ ಇಬ್ಭಾಗವಾಗುತ್ತದೆ. ಪಕ್ಕಪಕ್ಕದ ಎರಡು ಇಂಟರ್‌ಫೇಸ್ ಕೋಶಗಳನ್ನು ಟೀಲೋಫೇಸ್ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಎರಡು ಕೇಂದ್ರಗಳೂ ಒಂದೇ ಗಾತ್ರ, ಪೂರ್ಣ ಕೇಂದ್ರಕ್ಕಿಂತ ಚಿಕ್ಕವು, ಬಣ್ಣ ದಟ್ಟ, ನಡುವಿನ ಗೆರೆ ತೆಳು: ಇಷ್ಟೂ ಇದ್ದರೆ ಮಾತ್ರ ಹೌದು ಎನ್ನಿ.

ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯುವಾಗ ಕಂಡದ್ದನ್ನಷ್ಟೇ ಬರೆಯಿರಿ. ಕಾರ್ಮೈನಿಗೆ ಕದಿರಿನ ಎಳೆಗಳು ಕಾಣುವುದಿಲ್ಲ. ಪ್ರಾಣಿಕೋಶದಲ್ಲಿ ಕದಿರಿನ ಎರಡು ತುದಿಗಳಲ್ಲಿರುವ ಸೆಂಟ್ರಿಯೋಲ್ ಈರುಳ್ಳಿಯಲ್ಲಿ ಇಲ್ಲವೇ ಇಲ್ಲ. ಹೂಬಿಡುವ ಸಸ್ಯಗಳು ಅದಿಲ್ಲದೆಯೇ ಕದಿರು ಕಟ್ಟುತ್ತವೆ. ಆದರೂ ಪ್ರಾಣಿಕೋಶದ ಚಿತ್ರ ನೋಡಿ ನೆನಪಿನಿಂದ ಎರಡು ತುದಿಗೂ ನಕ್ಷತ್ರ ಬರೆಯುವವರು ಪ್ರತಿ ವರ್ಷ ಇರುತ್ತಾರೆ.

ಎಣಿಕೆ, ಮತ್ತು ಎಡವಿಸುವ ಲೆಕ್ಕ

ಕನಿಷ್ಠ ಐದು ಕಡೆ ನೋಡಿ, ಒಟ್ಟು 500 ಕೋಶಗಳಾದರೂ ಎಣಿಸಿ. ಚೆಂದದ ಕೋಶಗಳನ್ನು ಆರಿಸಿ ಎಣಿಸಬಾರದು, ಕಂಡ ಎಲ್ಲವನ್ನೂ ಎಣಿಸಬೇಕು. ಅಂಚಿನಲ್ಲಿ ಅರ್ಧ ಕಾಣುವ ಕೋಶಗಳಿಗೆ ಒಂದು ನಿಯಮ ಇಟ್ಟುಕೊಳ್ಳಿ. ಎಡಗಡೆಯವು ಲೆಕ್ಕಕ್ಕುಂಟು, ಬಲಗಡೆಯವು ಇಲ್ಲ, ಹೀಗೆ. 500ರಲ್ಲಿ 40 ಕೋಶಗಳು ವಿಭಜನೆಯಲ್ಲಿದ್ದರೆ ಮೈಟೋಸಿಸ್ ಸೂಚ್ಯಂಕ 40 ಭಾಗಿಸು 500, ಅಂದರೆ ಶೇ. 8. ಆ 40ರಲ್ಲಿ 24 ಪ್ರೊಫೇಸ್ ಇದ್ದರೆ, ವಿಭಜನೆಗೆ ಹಿಡಿಯುವ ಕಾಲದಲ್ಲಿ ಸುಮಾರು ಶೇ. 60 ಪ್ರೊಫೇಸಿನದು ಎಂದು ಅಂದಾಜು ಮಾಡಬಹುದು. ಹಂತ ಎಷ್ಟು ದೀರ್ಘವೋ ಅದರಲ್ಲಿ ಸಿಕ್ಕಿಬೀಳುವ ಕೋಶಗಳೂ ಅಷ್ಟು ಹೆಚ್ಚು. ನಿಂತುಹೋದ ಸ್ಲೈಡಿನಿಂದ ಸಮಯ ಅಳೆಯುವ ಈ ಉಪಾಯ ಸರಳವಾದದ್ದು, ಆದರೂ ಬಹಳ ಚೆಲುವಾದದ್ದು.

ವರ್ಣತಂತುಗಳ ಲೆಕ್ಕದಲ್ಲಿ ಎಡವುವುದು ಒಂದೇ ಕಾರಣಕ್ಕೆ: ಎಣಿಸಬೇಕಾದದ್ದು ಸೆಂಟ್ರೊಮಿಯರುಗಳನ್ನು, ಕ್ರೊಮ್ಯಾಟಿಡ್‌ಗಳನ್ನಲ್ಲ. ಜಿ1ರಲ್ಲಿ ಈರುಳ್ಳಿ ಕೋಶಕ್ಕೆ 16 ವರ್ಣತಂತು, ಒಂದೊಂದಕ್ಕೆ ಒಂದೇ ಎಳೆ. ಎಸ್ ಹಂತ ಮುಗಿದಾಗ ಡಿಎನ್‌ಎ ಎರಡರಷ್ಟಾಗಿದೆ, ಕ್ರೊಮ್ಯಾಟಿಡ್ 32, ಆದರೆ ವರ್ಣತಂತು ಇನ್ನೂ 16. ಪ್ರೊಫೇಸ್, ಮೆಟಾಫೇಸಿನಲ್ಲೂ ಹಾಗೆಯೇ. ಅನಾಫೇಸಿನಲ್ಲಿ ಬೇರ್ಪಟ್ಟ ಕ್ಷಣ ಪ್ರತಿ ಕ್ರೊಮ್ಯಾಟಿಡ್‌ಗೂ ಸ್ವತಂತ್ರ ವರ್ಣತಂತುವಿನ ಪಟ್ಟ, ಕೋಶದಲ್ಲಿ ಒಟ್ಟು 32, ಒಂದೊಂದು ಧ್ರುವಕ್ಕೆ 16. ಮರಿಕೋಶಕ್ಕೆ 16, ಡಿಎನ್‌ಎ ಜಿ1ರಲ್ಲಿದ್ದಷ್ಟೇ.

ಸ್ಲೈಡಿನಲ್ಲಿ 16ನ್ನೂ ಬಿಡಿಬಿಡಿಯಾಗಿ ಎಣಿಸುವುದು ಸುಲಭವಲ್ಲ, ಒಂದರ ಮೇಲೊಂದು ಬಿದ್ದಿರುತ್ತವೆ. ಅದಕ್ಕೆ ಕದಿರನ್ನು ಮೊದಲೇ ಕೆಡಿಸಬೇಕು. ಮನೆಗೂ ಶಾಲೆಗೂ ಒಗ್ಗುವ ದಾರಿ ತಣ್ಣೀರು. ಕತ್ತರಿಸಿದ ತುದಿಗಳನ್ನು ಸಣ್ಣ ಸೀಸೆಯ ನೀರಿನಲ್ಲಿ ಹಾಕಿ, ಐಸ್ ತುಂಬಿದ ಫ್ಲಾಸ್ಕಿನೊಳಗೆ 24 ಗಂಟೆ ಇಟ್ಟು, ಆಮೇಲೆ ಸ್ಥಿರಗೊಳಿಸಿ. ಚಳಿಗೆ ಕದಿರಿನ ನಾಳಗಳು ಕಳಚಿಕೊಳ್ಳುತ್ತವೆ, ಕೋಶಗಳು ಮೆಟಾಫೇಸಿನಲ್ಲೇ ತಡೆದು ನಿಲ್ಲುತ್ತವೆ, ವರ್ಣತಂತುಗಳು ಗಿಡ್ಡವಾಗಿ ಚದುರುತ್ತವೆ. ಇಂಥ ಸ್ಲೈಡಿನಲ್ಲಿ ಅನಾಫೇಸ್ ಹುಡುಕಬೇಡಿ, ಸೂಚ್ಯಂಕವನ್ನೂ ಲೆಕ್ಕ ಹಾಕಬೇಡಿ.

ಲ್ಯಾಬುಗಳಲ್ಲಿ ಇದೇ ಕೆಲಸಕ್ಕೆ ಶೇ. 0.05ರ ಕೋಲ್ಚಿಸಿನ್ ಬಳಸುತ್ತಾರೆ. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಈರುಳ್ಳಿ ಬೇರಿನ ಮೇಲೆ ಅದರ ಪರಿಣಾಮವನ್ನು ವಿವರಿಸಿದ್ದು 1938ರಲ್ಲಿ. ಮನುಷ್ಯನ ವರ್ಣತಂತುಗಳು 48 ಎಂದು ದಶಕಗಳ ಕಾಲ ನಂಬಿದ್ದ ಜಗತ್ತಿಗೆ, ಅವು 46 ಎಂದು 1956ರಲ್ಲಿ ಜೋ ಹಿನ್ ಟಿಜಿಯೊ ಅವರೊಂದಿಗೆ ಪ್ರಕಟಿಸಿದವರೂ ಅದೇ ಲೆವಾನ್. ಅಲ್ಲಿಯೂ ಗೆದ್ದದ್ದು ವರ್ಣತಂತುಗಳನ್ನು ಚೆನ್ನಾಗಿ ಹರಡುವ ಕೌಶಲವೇ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಅರಳುವ ಗೌರಿಹೂವಿನ, ಅಂದರೆ ಅಗ್ನಿಶಿಖೆಯ ಗೆಡ್ಡೆಯಲ್ಲೂ ಕೋಲ್ಚಿಸಿನ್ ಇದೆ. ಮಾರಕ ವಿಷ ಅದು. ಗೆಡ್ಡೆ ಅರೆದು ಪ್ರಯೋಗ ಮಾಡುವ ಯೋಚನೆಯನ್ನೂ ಮಾಡಬೇಡಿ, ಶುದ್ಧ ಕೋಲ್ಚಿಸಿನ್ ಕೂಡ ಕೈಗವಸು ಹಾಕಿ ಮೇಲ್ವಿಚಾರಕರ ಎದುರೇ ಮುಟ್ಟಬೇಕಾದದ್ದು. ಅಂಗಳದ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್ ಸಹ ಕದಿರನ್ನೇ ಕೆಡಿಸುವ ವಸ್ತು, ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಒಂದು.

ಏನು ಕೆಟ್ಟಿತು, ಏಕೆ

ಎಲ್ಲ ಕೋಶಗಳೂ ಉದ್ದ, ಎಲ್ಲೂ ವಿಭಜನೆಯಿಲ್ಲ: ತುದಿ ಉದುರಿಹೋಗಿದೆ ಅಥವಾ ಮೇಲಿನ ಭಾಗ ತೆಗೆದುಕೊಂಡಿದ್ದೀರಿ. ಕೋಶಗಳು ಚಿಕ್ಕವೇ, ಆದರೆ ವಿಭಜನೆ ಇಲ್ಲ: ಬೇರು ಹಳತು, ನೀರು ಕೊಳೆತಿದೆ, ಇಲ್ಲವೇ ಕತ್ತರಿಸಿದ ಮೇಲೆ ಸ್ಥಿರಗೊಳಿಸಲು ತಡವಾಗಿದೆ. ಕೋಶಗಳು ಮೂರು ನಾಲ್ಕು ಪದರ, ಎಷ್ಟು ತಿರುಗಿಸಿದರೂ ಫೋಕಸ್ ಸಿಗದು: ಆಮ್ಲದಲ್ಲಿ ಇಟ್ಟ ಹೊತ್ತು ಸಾಲದು, ಅಥವಾ ತುಣುಕು ದೊಡ್ಡದು. ಇಡೀ ಕೋಶ ಕೆಂಪು, ವರ್ಣತಂತು ಬೇರೆಯಾಗಿ ಕಾಣದು: ಬಣ್ಣ ಹೆಚ್ಚಾಗಿದೆ. ಕವರ್‌ಸ್ಲಿಪ್ಪಿನ ಒಂದಂಚಿಗೆ ಶೇ. 45ರ ಅಸಿಟಿಕ್ ಆಮ್ಲದ ಹನಿ ಬಿಟ್ಟು ಎದುರಂಚಿನಲ್ಲಿ ಬ್ಲಾಟಿಂಗ್ ಕಾಗದದಿಂದ ಹೀರಿ, ಮತ್ತೆ ತುಸು ಬಿಸಿ ಮಾಡಿ. 40 ಪಟ್ಟಿನ ಮಸೂರಕ್ಕೆ ದ್ರಾವಣ ತಾಗಿ ಮಸುಕಾಗಿದ್ದರೆ ಲೆನ್ಸ್ ಕಾಗದದಿಂದ ಕೂಡಲೇ ಒರೆಸಿ. ಆಮ್ಲ ಮಸೂರದ ಲೇಪವನ್ನು ತಿನ್ನುತ್ತದೆ.

ಅನಾಫೇಸಿನ ಎರಡು ಗುಂಪುಗಳ ನಡುವೆ ಸೇತುವೆಯಂತೆ ಒಂದು ಎಳೆ, ಅಥವಾ ಹಿಂದೆಬಿದ್ದ ಒಂಟಿ ವರ್ಣತಂತು ಕಂಡರೆ ಅದನ್ನು ತಪ್ಪೆಂದು ಬಿಡಬೇಡಿ, ಪ್ರತ್ಯೇಕವಾಗಿ ಎಣಿಸಿ. ನೀರಿನಲ್ಲಿನ ವಿಷವನ್ನು ಅಳೆಯಲು ಈರುಳ್ಳಿ ಬೇರನ್ನು ಬಳಸುವುದು ಈ ವಿಕಾರಗಳ ಲೆಕ್ಕದಿಂದಲೇ. ಬೆಳ್ಳಂದೂರು ಕೆರೆಯ ಅಥವಾ ವೃಷಭಾವತಿಯ ನೀರನ್ನು ಒಂದು ಲೋಟದಲ್ಲಿ, ಫಿಲ್ಟರ್ ನೀರನ್ನು ಇನ್ನೊಂದರಲ್ಲಿ ಇಟ್ಟು, ಒಂದೇ ಚೀಲದ ಈರುಳ್ಳಿಗಳಲ್ಲಿ ಬೇರಿನ ಉದ್ದ, ಸೂಚ್ಯಂಕ, ವಿಕಾರಗಳನ್ನು ಹೋಲಿಸಬಹುದು. ಪಿಯುಸಿ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಕಡಿಮೆ. ಒಂದೊಂದು ನೀರಿಗೂ ಕನಿಷ್ಠ ಐದು ಗಡ್ಡೆ ಇರಲಿ, ಕೊಳಚೆ ನೀರು ಮುಟ್ಟುವಾಗ ಕೈಗವಸು ಇರಲಿ.

ಉಳಿದ ಆಮ್ಲಕ್ಕೆ ನೊರೆ ನಿಲ್ಲುವವರೆಗೆ ಅಡುಗೆ ಸೋಡ ಹಾಕಿ, ಧಾರಾಳ ನೀರು ಬಿಟ್ಟು ಚೆಲ್ಲಿ. ಚೆನ್ನಾಗಿ ಬಂದ ಸ್ಲೈಡಿನ ನಾಲ್ಕೂ ಅಂಚಿಗೆ ಉಗುರು ಬಣ್ಣ ಬಳಿದು, ತಾರೀಖು ಬರೆದು, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ; ಕೆಲವು ದಿನ ಉಳಿಯುತ್ತದೆ. ಬಣ್ಣ ಮಸುಕಾಗಿದೆ ಅನ್ನಿಸಿದ ಸ್ಲೈಡನ್ನೂ ಅಂದೇ ತೊಳೆಯಬೇಡಿ. ಅಂಚು ಮುಚ್ಚಿ ಒಂದು ರಾತ್ರಿ ಬಿಡಿ. ಕಾರ್ಮೈನ್ ನಿಧಾನವಾಗಿ ವರ್ಣತಂತುಗಳಿಗೆ ಇಳಿದು, ಸುತ್ತಲಿನ ಕೋಶದ್ರವ್ಯ ತಿಳಿಯಾಗುತ್ತದೆ, ಹಿಂದಿನ ಸಂಜೆ ಕಾಣದ ಮೆಟಾಫೇಸ್ ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಸಿಗುವುದುಂಟು.